ಬಾಡಿದ್ದಕ್ಕೆಲ್ಲ ನೀರೇ ಮದ್ದಲ್ಲ

ತಾರಸಿ ಮೇಲಿನ ಕುಂಡದಲ್ಲಿ ದಾಸವಾಳದ ಒಂದು ಕೊಂಬೆ ಮಾತ್ರ ಜೋತು ಬಿದ್ದಿದೆ. ಉಳಿದವು ನೆಟ್ಟಗಿವೆ, ಮೊಗ್ಗೂ ಬಿಟ್ಟಿವೆ. ಮನೆಯಲ್ಲಿ ಇದನ್ನು ಯಾರು ಮೊದಲು ನೋಡಿದರೂ ಮಾಡುವ ಕೆಲಸ ಒಂದೇ: ಒಂದು ಚೊಂಬು ನೀರು. ಸಂಜೆಯಾದರೂ ಎಲೆ ಏಳಲಿಲ್ಲವೇ, ಇನ್ನೊಂದು ಚೊಂಬು. ಮರುದಿನ, ಪಾಪ ಸೊರಗಿದೆ ಎಂದು ಒಂದು ಹಿಡಿ ಗೊಬ್ಬರ. ವಾರ ಕಳೆಯುವಷ್ಟರಲ್ಲಿ ಪಕ್ಕದ ಕೊಂಬೆಯೂ ತಲೆ ಬಗ್ಗಿಸುತ್ತದೆ. ಆಮೇಲೆ ‘ನಮ್ಮ ಕೈಗುಣವೇ ಸರಿಯಿಲ್ಲ’ ಎಂಬ ತೀರ್ಮಾನ.

ಕೈಗುಣಕ್ಕೂ ಇದಕ್ಕೂ ಸಂಬಂಧವಿಲ್ಲ. ನೀರು ಸಾಲದ ಗಿಡವೂ ಬಾಡುತ್ತದೆ, ನೀರು ಹೆಚ್ಚಾಗಿ ಬೇರು ಕೊಳೆತ ಗಿಡವೂ ಬಾಡುತ್ತದೆ. ಕಾಂಡಕ್ಕೆ ಹುಳು ಹೊಕ್ಕರೂ ಬಾಡುತ್ತದೆ, ಗೊಬ್ಬರ ಅತಿಯಾಗಿ ಬೇರು ಸುಟ್ಟರೂ ಬಾಡುತ್ತದೆ. ಕಾರಣ ಹತ್ತು, ಮುಖ ಒಂದು. ಎಲೆಯನ್ನಷ್ಟೇ ನೋಡಿ ಮದ್ದು ಹೇಳಲು ಆಗದಿರುವುದು ಇದಕ್ಕೇ. ಬೇರಿನಿಂದ ಹೊರಟ ನೀರು ಎಲೆ ಮುಟ್ಟುವ ದಾರಿಯಲ್ಲಿ ಎಲ್ಲಿ ನಿಂತಿತು ಎಂದು ಹುಡುಕಬೇಕು. ಮೇಲಿನ ಮಹಡಿಯ ನಲ್ಲಿಯಲ್ಲಿ ನೀರು ಬಾರದಿದ್ದರೆ ಯಾರೂ ನಲ್ಲಿಯನ್ನೇ ಬೈಯುತ್ತ ಕೂರುವುದಿಲ್ಲ. ಟ್ಯಾಂಕ್ ಖಾಲಿಯೇ, ಪೈಪು ಕಟ್ಟಿದೆಯೇ, ಯಾರಾದರೂ ವಾಲ್ವ್ ತಿರುಗಿಸಿದ್ದಾರೆಯೇ ಎಂದು ಒಂದೊಂದಾಗಿ ನೋಡುತ್ತಾರೆ. ಗಿಡಕ್ಕೂ ಅದೇ ಕ್ರಮ.

ಸೂರ್ಯಕಾಂತಿಯನ್ನು ತೂಗಿದ ಪಾದ್ರಿ

ಕುಂಡದ ಗಿಡ ದಿನಕ್ಕೆ ಎಷ್ಟು ನೀರು ಕುಡಿಯುತ್ತದೆ ಎಂಬ ಪ್ರಶ್ನೆಯನ್ನು ಮೊದಲು ತಕ್ಕಡಿಗೆ ಹಾಕಿ ನೋಡಿದವರಲ್ಲಿ ಇಂಗ್ಲೆಂಡಿನ ತೆಡಿಂಗ್ಟನ್ ಊರಿನ ಪಾದ್ರಿ ಸ್ಟೀಫನ್ ಹೇಲ್ಸ್ ಪ್ರಮುಖರು. 1724ರ ಜುಲೈನಲ್ಲಿ ಅವರು ಮೂರೂವರೆ ಅಡಿ ಎತ್ತರದ ಸೂರ್ಯಕಾಂತಿ ಗಿಡವಿದ್ದ ಕುಂಡದ ಬಾಯನ್ನು ತೆಳ್ಳಗಿನ ಸೀಸದ ತಗಡಿನಿಂದ ಮುಚ್ಚಿದರು. ಮಣ್ಣಿನಿಂದ ನೀರು ಆವಿಯಾಗಬಾರದು, ಹೋಗುವುದೇನಿದ್ದರೂ ಎಲೆಯ ಮೂಲಕವೇ ಹೋಗಬೇಕು ಎಂಬುದು ಉಪಾಯ. ಬೆಳಿಗ್ಗೆ ಸಂಜೆ ಕುಂಡ ತೂಗಿದರು. ಹನ್ನೆರಡು ಗಂಟೆಗಳ ಹಗಲಿನಲ್ಲಿ ಗಿಡ ಸರಾಸರಿ ಒಂದು ಪೌಂಡ್ ನಾಲ್ಕು ಔನ್ಸ್, ಎಂದರೆ ಅರ್ಧ ಕಿಲೋಗೂ ಮಿಕ್ಕಿದ ನೀರನ್ನು ಗಾಳಿಗೆ ಬಿಟ್ಟಿತ್ತು. 1727ರಲ್ಲಿ ಬಂದ ‘ವೆಜಿಟಬಲ್ ಸ್ಟ್ಯಾಟಿಕ್ಸ್’ ಪುಸ್ತಕದಲ್ಲಿ ಈ ಲೆಕ್ಕವಿದೆ.

ಇಷ್ಟು ನೀರನ್ನು ಮೇಲಕ್ಕೆ ತಳ್ಳುವ ಪಂಪು ಬೇರಿನಲ್ಲಿಲ್ಲ. ಎಲೆಯ ಸಣ್ಣ ರಂಧ್ರಗಳಿಂದ ನೀರು ಆವಿಯಾಗುತ್ತ ಹೋದಂತೆ, ಅದರ ಹಿಂದಿನ ನೀರು ಕಾಂಡದ ಎಳೆಎಳೆಯಾದ ನಾಳಗಳಲ್ಲಿ ಕಡಿಯದೆ ಮೇಲೇರುತ್ತದೆ. ಡಿಕ್ಸನ್ ಮತ್ತು ಜೋಲಿ ಎಂಬ ಐರ್ಲೆಂಡಿನ ಇಬ್ಬರು ವಿಜ್ಞಾನಿಗಳು 1894ರಲ್ಲಿ ಮುಂದಿಟ್ಟ ಈ ವಿವರಣೆಯೇ ಇಂದಿಗೂ ಪಾಠ. ಬೇರು ಹೀರಿದ ನೀರಿನಲ್ಲಿ ಬಹುಪಾಲು ಹೀಗೆ ಹಾರಿ ಹೋಗುತ್ತದೆ, ಗಿಡದ ಮೈಯಲ್ಲಿ ಉಳಿಯುವುದು ಅತ್ಯಲ್ಪ. ಎಲೆಯ ಜೀವಕೋಶಗಳು ಬಿಗಿಯಾಗಿ ನಿಲ್ಲುವುದು ಒಳಗೆ ತುಂಬಿದ ನೀರಿನ ಒತ್ತಡದಿಂದ. ಖರ್ಚು ಹೆಚ್ಚಾಗಿ ಆದಾಯ ಕಡಿಮೆಯಾದರೆ ಆ ಬಿಗಿ ಸಡಿಲುತ್ತದೆ. ಬಾಡುವುದೆಂದರೆ ಅಷ್ಟೇ.

ಹೇಲ್ಸ್ ಅವರ ತಕ್ಕಡಿ ಇಂದಿಗೂ ತಾರಸಿ ತೋಟದ ಮೊದಲ ಸಲಕರಣೆ. ನೀರು ಹಾಕಿ ಒಂದು ಗಂಟೆಯಾದ ಮೇಲೆ ಸಣ್ಣ ಕುಂಡವಾದರೆ ಎತ್ತಿ, ದೊಡ್ಡದಾದರೆ ಒಂದು ಕಡೆಗೆ ವಾಲಿಸಿ ಭಾರ ನೋಡಿಕೊಳ್ಳಿ. ಒಣಗಿದಾಗ ಮತ್ತೊಮ್ಮೆ ನೋಡಿ. ನಾಲ್ಕಾರು ಸಲ ಹೀಗೆ ಮಾಡಿದರೆ ಕೈಗೆ ಅಂದಾಜು ಬರುತ್ತದೆ. ಎಲೆ ಬಾಡಿದೆ, ಕುಂಡ ಹಗುರವಾಗಿದೆ ಎಂದರೆ ಬಾಯಾರಿಕೆ. ಎಲೆ ಬಾಡಿದೆ, ಕುಂಡ ಮಾತ್ರ ಭಾರವಿದೆ ಎಂದಾದರೆ ಚೊಂಬನ್ನು ಅಲ್ಲೇ ಕೆಳಗಿಡಿ.

ಎರಡು ಪ್ರಶ್ನೆ: ಯಾವಾಗ, ಎಷ್ಟು?

ಮಧ್ಯಾಹ್ನ ಎರಡು ಗಂಟೆಗೆ ಬಾಡಿದ ಗಿಡವನ್ನು ನೋಡಿ ಏನನ್ನೂ ನಿರ್ಧರಿಸಬೇಡಿ. ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ ಉಷ್ಣಾಂಶ 39.2 ಡಿಗ್ರಿ ಮುಟ್ಟಿತ್ತು. ಅಂಥ ಬಿಸಿಲಿಗೆ, ಕೆಳಗೆ ಕಾದ ಕಾಂಕ್ರೀಟು, ಸುತ್ತ ಕಾದ ಗೋಡೆ ಇರುವಾಗ ಮಣ್ಣಿನಲ್ಲಿ ಸಾಕಷ್ಟು ತೇವವಿದ್ದರೂ ಬೇರು ಎಲೆಯ ಖರ್ಚಿಗೆ ಸರಿಗಟ್ಟಲಾರದು. ಕರ್ಣಕುಂಡಲ, ಹೈಡ್ರೇಂಜಿಯದಂಥ ಅಗಲ ಎಲೆಯ, ಮೆತು ಕಾಂಡದ ಗಿಡಗಳು ಮೊದಲು ಜೋಲುತ್ತವೆ. ಮರುದಿನ ಬೆಳಿಗ್ಗೆ ಬಿಸಿಲು ಏರುವ ಮೊದಲು ನೋಡಿ. ಎಲೆ ತಾನಾಗಿಯೇ ಎದ್ದಿದ್ದರೆ ರೋಗವಿಲ್ಲ. ಮಧ್ಯಾಹ್ನದ ನಂತರ ನೆರಳು ಬೀಳುವ ಕಡೆಗೆ ಕುಂಡ ಸರಿಸಿ, ಇಲ್ಲವೇ ಮೇಲೊಂದು ಹಸಿರು ನೆಟ್ ಕಟ್ಟಿ. ಬೆಳಿಗ್ಗೆಯೂ ಜೋತೇ ಇದ್ದರೆ ಮಾತ್ರ ಪರೀಕ್ಷೆಗೆ ಇಳಿಯಬೇಕು.

ಕುಂಡದ ಬಣ್ಣವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ತೆಳು ಕಪ್ಪು ಪ್ಲಾಸ್ಟಿಕ್ ಕುಂಡದ ಮಗ್ಗುಲಿಗೆ ಪಡುವಣ ಬಿಸಿಲು ನೇರ ಬಿದ್ದರೆ ಒಳಗಿನ ಮಣ್ಣು 40 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ, ಆ ಬದಿಯ ಎಳೆಬೇರು ಬೆಂದು ಹೋಗುತ್ತದೆ. ನೆಲದಲ್ಲಿರುವ ಗಿಡಕ್ಕೆ ಈ ಸಂಕಟವಿಲ್ಲ. ಮಣ್ಣಿನ ಕುಂಡ ಮೈಯಿಂದ ತೇವ ಬಿಟ್ಟು ತಣ್ಣಗಿರುತ್ತದೆ. ಪ್ಲಾಸ್ಟಿಕ್ಕೇ ಇದ್ದರೆ ಒಂದಕ್ಕೊಂದು ಒತ್ತಿಟ್ಟು, ಹೊರಸಾಲಿಗೆ ಗೋಣಿ ಸುತ್ತಿದರೂ ಸಾಕು.

ಎರಡನೆಯ ಪ್ರಶ್ನೆ ಇನ್ನೂ ಮುಖ್ಯ: ಬಾಡಿದ್ದು ಇಡೀ ಗಿಡವೋ, ಒಂದು ಕೊಂಬೆಯೋ? ಇಡೀ ಗಿಡ ಬಾಡಿದ್ದರೆ ದೋಷ ಕುಂಡದೊಳಗೆ, ಬೇರಿನಲ್ಲಿ ಅಥವಾ ಬುಡದಲ್ಲಿ. ಒಂದೇ ಕೊಂಬೆ ಬಾಡಿ ಉಳಿದದ್ದು ನಳನಳಿಸುತ್ತಿದ್ದರೆ ಬೇರು ತನ್ನ ಕೆಲಸ ಮಾಡುತ್ತಿದೆ, ದೋಷ ಹೆಚ್ಚಾಗಿ ಆ ಕೊಂಬೆಯಲ್ಲೇ ಇದೆ. ಒಂದು ಮಗ್ಗುಲಿನ ಕೊಂಬೆಗಳೆಲ್ಲ ಬಾಡಿದ್ದರೆ ಎರಡೂ ಸಾಧ್ಯ. ಅನೇಕ ಗಿಡಗಳಲ್ಲಿ ಒಂದು ಬದಿಯ ಬೇರು ಅದೇ ಬದಿಯ ಕೊಂಬೆಗಳಿಗೆ ಹೆಚ್ಚು ನೀರು ಒದಗಿಸುವುದರಿಂದ, ಬಿಸಿಲಿಗೋ ಹುಳುವಿಗೋ ಸಿಕ್ಕಿ ಒಂದು ಬದಿಯ ಬೇರು ಹೋದರೆ ಮೇಲೆಯೂ ಅದೇ ಬದಿ ಸೊರಗುತ್ತದೆ.

ಕುಂಡದೊಳಗಿನ ತನಿಖೆ

ಮಣ್ಣಿನ ಮೇಲ್ಪದರದ ತೇವ ನಂಬುವಂಥದ್ದಲ್ಲ. ಬೆರಳನ್ನು ಎರಡನೆಯ ಗೆಣ್ಣಿನವರೆಗೆ ಇಳಿಸಿ ನೋಡಬೇಕು. ದೊಡ್ಡ ಕುಂಡವಾದರೆ ಒಂದು ಬಿದಿರ ಕಡ್ಡಿಯನ್ನು ತಳದವರೆಗೆ ಚುಚ್ಚಿ, ಐದು ನಿಮಿಷ ಬಿಟ್ಟು ಹೊರತೆಗೆದರೆ ಎಲ್ಲಿಯವರೆಗೆ ಹಸಿ ಇದೆ ಎಂದು ಅದೇ ಹೇಳುತ್ತದೆ.

ದಿನವೂ ನೀರು ಹಾಕುತ್ತಿದ್ದರೂ ನಡುವಿನ ಮಣ್ಣು ಒಣಗಿಯೇ ಇರುವುದುಂಟು. ನರ್ಸರಿಯಿಂದ ತಂದ ಗುಲಾಬಿಯ ಬೇರನ್ನು ಜಿಗುಟು ಕೆಂಪು ಮಣ್ಣಿನ ಉಂಡೆಯಲ್ಲಿ ಕಟ್ಟಿರುತ್ತಾರೆ. ಸಾಗಣೆಗೆ ಅದು ಅನುಕೂಲ. ಆ ಉಂಡೆಯನ್ನು ಹಾಗೆಯೇ ಸಡಿಲ ಮಣ್ಣಿನ ನಡುವೆ ಇಟ್ಟರೆ, ಬೇಸಿಗೆಯಲ್ಲಿ ಅದು ಕಲ್ಲಾಗುತ್ತದೆ. ಹಾಕಿದ ನೀರು ಸುತ್ತಲಿನ ಸಡಿಲ ಮಣ್ಣಿನಲ್ಲಿ ಇಳಿದು ತಳದ ರಂಧ್ರದಿಂದ ಹೊರಗೆ ಬರುತ್ತದೆ, ಉಂಡೆಯೊಳಗಿನ ಬೇರಿಗೆ ಹನಿಯೂ ಸಿಗುವುದಿಲ್ಲ. ತೆಂಗಿನ ನಾರಿನ ಪುಡಿ, ನಾವೆಲ್ಲ ಕರೆಯುವ ಕೋಕೋಪೀಟ್, ಪೂರ್ತಿ ಒಣಗಿದರೆ ಹೀಗೆಯೇ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ನೀರು ಆ ಸಂದಿಯಲ್ಲಿ ಸರಕ್ಕನೆ ಜಾರುತ್ತದೆ. ಪರಿಹಾರ ಸುಲಭ: ಕುಂಡವನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಇಳಿಸಿ, ಗುಳ್ಳೆ ಏಳುವುದು ನಿಲ್ಲುವವರೆಗೆ ಬಿಡಿ. ಮೇಲೆತ್ತಿ ನೀರು ಬಸಿದ ನಂತರ ಮೊದಲಿನ ಜಾಗದಲ್ಲಿಡಿ. ಬರಿಯ ಬಾಯಾರಿಕೆಯಾಗಿದ್ದರೆ ಕೆಲವೇ ಗಂಟೆಗಳಲ್ಲಿ ಎಲೆ ಏಳುತ್ತದೆ.

ಮಣ್ಣು ಹಸಿಯಾಗಿದ್ದೂ ಗಿಡ ಬಾಡಿದ್ದರೆ ಬೇರು ನೋಡದೆ ಗತಿಯಿಲ್ಲ. ಬೇರಿಗೂ ಗಾಳಿ ಬೇಕು. ಮಣ್ಣಿನ ಸಂದುಗಳೆಲ್ಲ ನೀರಿನಿಂದ ತುಂಬಿದರೆ ಬೇರು ಉಸಿರುಗಟ್ಟಿ ಕೆಲಸ ನಿಲ್ಲಿಸುತ್ತದೆ, ನೀರಿನ ನಡುವೆಯೇ ಎಲೆ ಒಣಗುತ್ತದೆ. ನರ್ಸರಿಯವರ ಮೊದಲ ಪ್ರಶ್ನೆ ‘ಅಕ್ಕಾ, ದಿನಾ ನೀರು ಹಾಕ್ತಿದ್ದೀರಾ?’ ಎಂದೇ ಇರುವುದು ಸುಮ್ಮನೆ ಅಲ್ಲ. ಕುಂಡವನ್ನು ಅಡ್ಡ ಮಲಗಿಸಿ, ಬುಡ ಹಿಡಿದು, ಮೆಲ್ಲಗೆ ತಟ್ಟಿ ಮಣ್ಣಿನ ಹೆಂಟೆಯನ್ನು ಇಡಿಯಾಗಿ ಜಾರಿಸಿ. ಆರೋಗ್ಯವಂತ ಎಳೆಬೇರು ಬಿಳಿ ಅಥವಾ ತಿಳಿಗಂದು ಬಣ್ಣದ್ದು, ಎಳೆದರೆ ಗಟ್ಟಿ. ಕೊಳೆತ ಬೇರು ಕಪ್ಪುಗಂದು, ಮೂಗಿಗೆ ಚರಂಡಿ ವಾಸನೆ. ಎರಡು ಬೆರಳಿನಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಕಳಚಿ ಬೆರಳಿಗೆ ಬರುತ್ತದೆ, ಒಳಗಿನ ದಾರದಂಥ ಎಳೆ ಮಾತ್ರ ಉಳಿಯುತ್ತದೆ. ಇದೊಂದನ್ನು ಕಣ್ಣಾರೆ ಕಂಡರೆ ಬೇರೆ ಪುರಾವೆ ಬೇಡ.

ಇಂಥ ಕೊಳೆತಕ್ಕೆ ಕಾರಣವಾಗುವ ಜೀವಿಗಳಲ್ಲಿ ಫೈಟಾಫ್ತೊರ ಕುಲಕ್ಕೆ ಕನ್ನಡನಾಡಿನಲ್ಲಿ ಹಳೆಯ ಪರಿಚಯವಿದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಕೆನಡಾದಿಂದ ಬಂದಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಮಲೆನಾಡಿನ ಅಡಿಕೆ ಕೊಳೆರೋಗದ ಕುರಿತು ವರದಿ ಪ್ರಕಟಿಸಿ, ಅದರ ಹಿಂದಿರುವುದು ಇದೇ ಕುಲ ಎಂದು ತೋರಿಸಿದ್ದರು. ಈ ಕುಲದ ಬೀಜಕಣಗಳಿಗೆ ಬಾಲವಿದೆ, ಅವು ನೀರಿನಲ್ಲಿ ಈಜಬಲ್ಲವು. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರು, ಒಂದು ಕುಂಡದಿಂದ ಇನ್ನೊಂದಕ್ಕೆ ಹರಿಯುವ ನೀರು ಎರಡೂ ಅವಕ್ಕೆ ರಾಜಮಾರ್ಗ. ಮಳೆಗಾಲದಲ್ಲಿ ತಟ್ಟೆ ತೆಗೆದಿಡಿ. ಕುಂಡವನ್ನು ಎರಡು ಇಟ್ಟಿಗೆ ಚೂರಿನ ಮೇಲೆ ಏರಿಸಿ, ರಂಧ್ರ ನೆಲಕ್ಕೆ ಅಂಟದಿರಲಿ. ತಳದಲ್ಲಿ ಜಲ್ಲಿಕಲ್ಲಿನ ಪದರ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಅದು ಸರಿಯಲ್ಲ. ಸಣ್ಣ ಕಣದ ಮಣ್ಣು ತನ್ನ ನೀರನ್ನು ದಪ್ಪ ಜಲ್ಲಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಒದ್ದೆ ಪದರ ಜಲ್ಲಿಯ ಮೇಲೆ, ಬೇರಿಗೆ ಇನ್ನಷ್ಟು ಹತ್ತಿರ ನಿಲ್ಲುತ್ತದೆ. ರಂಧ್ರದ ಮೇಲೆ ಒಂದು ಹೆಂಚಿನ ಚೂರು ಸಾಕು.

ಉಡುಪಿ, ದಕ್ಷಿಣ ಕನ್ನಡದ ಕಡೆ ತಾರಸಿ ಮೇಲೆ ಕುಂಡಗಳಲ್ಲಿ ಮಲ್ಲಿಗೆ ಬೆಳೆಸುವ ಮನೆಗಳಿವೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಸೀಮೆಯಲ್ಲಿ ಮಲ್ಲಿಗೆ ಬಾಡಿದರೆ ಮೊದಲು ನೋಡಬೇಕಾದದ್ದು ಬುಡ. ಮಣ್ಣು ಮತ್ತು ಕಾಂಡ ಕೂಡುವ ಜಾಗದಲ್ಲಿ ಬಿಳಿ ಎಳೆಗಳು ಹರಡಿ, ಅವುಗಳ ನಡುವೆ ಸಾಸಿವೆ ಗಾತ್ರದ ಕಂದು ಕಾಳುಗಳು ಕಂಡರೆ ಅದು ಸ್ಕ್ಲೆರೋಷಿಯಂ ಎಂಬ ಶಿಲೀಂಧ್ರ. ಆ ಕಾಳುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಹಾಗಾಗಿ ಗಿಡದ ಜೊತೆ ಮಣ್ಣನ್ನೂ ಹೊರಗೆ ಹಾಕಬೇಕು. ಬುಡಕ್ಕೆ ತರಗೆಲೆ, ಹಸಿ ಗೊಬ್ಬರ ಒತ್ತದೆ, ಒಂದು ಅಂಗುಲ ಬಿಟ್ಟು ಹಾಕುವುದು ಮುನ್ನೆಚ್ಚರಿಕೆ.

ಬೇರಿಗೆ ಇನ್ನೊಂದು ಕಂಟಕ ನಾವೇ ತಂದು ಹಾಕುವ ಸಗಣಿ ಗೊಬ್ಬರದಲ್ಲಿ ಬರುತ್ತದೆ. ಚೆನ್ನಾಗಿ ಕಳಿಯದ ಗೊಬ್ಬರದಲ್ಲಿ ಗೊಣ್ಣೆ ಹುಳು ಇರುತ್ತದೆ: ಬಿಳಿ ಮೈ, ಕಂದು ತಲೆ, ಮುಟ್ಟಿದರೆ ಅರ್ಧಚಂದ್ರಾಕಾರದಲ್ಲಿ ಸುರುಳಿಯಾಗುತ್ತದೆ. ಇವುಗಳಲ್ಲಿ ಕೆಲವು ಬರೀ ಗೊಬ್ಬರ ತಿಂದುಕೊಂಡಿರುತ್ತವೆ, ಕೆಲವು ಬೇರನ್ನೇ ಕತ್ತರಿಸುತ್ತವೆ. ನೀರು, ನೆರಳು, ಗೊಬ್ಬರ ಎಲ್ಲ ಸರಿಯಿದ್ದೂ ಗಿಡ ಬಾಡಿ, ಹಿಡಿದೆಳೆದರೆ ಸಲೀಸಾಗಿ ಕಿತ್ತು ಬಂದರೆ ಮಣ್ಣು ಸುರಿದು ಹುಡುಕಿ. ಕೈಯಿಂದ ಆರಿಸಿ ತೆಗೆಯುವುದೇ ಕುಂಡದ ಮಟ್ಟಿಗೆ ಅತ್ಯುತ್ತಮ ಕೀಟನಾಶಕ.

ರಾಸಾಯನಿಕ ಗೊಬ್ಬರದ ಕಾಳು ಹಿಡಿಗಟ್ಟಲೆ ಬಿದ್ದಿದ್ದರೆ ಎಲೆಯ ಅಂಚು ಮೊದಲು ಸುಡುತ್ತದೆ, ಆಮೇಲೆ ಬಾಡುತ್ತದೆ. ಮಣ್ಣಿನ ನೀರಿನಲ್ಲಿ ಉಪ್ಪಿನಂಶ ಹೆಚ್ಚಿದರೆ ಬೇರು ನೀರು ಹೀರಲಾರದು. ಕೊಳವೆ ಬಾವಿಯ ಗಡಸು ನೀರೂ ನಿಧಾನವಾಗಿ ಇದನ್ನೇ ಮಾಡುತ್ತದೆ. ಕುಂಡದ ಅಂಚಿನ ಬಿಳಿ ಪೊರೆ ಅದರ ಗುರುತು. ಆಗ ಮಾತ್ರ ಧಾರಾಳ ನೀರೇ ಮದ್ದು: ಕುಂಡದ ಗಾತ್ರದ ಎರಡರಷ್ಟು ಒಳ್ಳೆಯ ನೀರನ್ನು ನಿಧಾನವಾಗಿ ಸುರಿದು ಪೂರ್ತಿ ಬಸಿಯಲು ಬಿಡಬೇಕು.

ಕೊಂಬೆಯ ಮೇಲೆ ಕಣ್ಣಾಡಿಸಿ

ಒಂದೇ ಕೊಂಬೆ ಬಾಡಿದ್ದರೆ ಮೇಲಿನಿಂದ ಕೆಳಕ್ಕೆ ಬನ್ನಿ. ಉಗುರಿನಿಂದ ತೊಗಟೆಯನ್ನು ತುಸುವೇ ಕೆರೆಯಿರಿ. ಒಳಗೆ ಹಸಿರು, ಒದ್ದೆ ಕಂಡರೆ ಜೀವವಿದೆ. ಕಂದು, ಒಣಕಲು ಆದರೆ ಆ ಭಾಗ ಸತ್ತಿದೆ. ಅಂಗುಲ ಅಂಗುಲ ಕೆಳಗೆ ಬಂದು ಹಸಿರು ಎಲ್ಲಿ ಶುರುವಾಗುತ್ತದೆ ಎಂದು ಗುರುತಿಸಿ. ಅಪರಾಧಿಯ ಸುಳಿವು ಸಾಮಾನ್ಯವಾಗಿ ಆ ಗಡಿಯ ಆಸುಪಾಸಿನಲ್ಲೇ ಸಿಗುತ್ತದೆ.

ಗಡಿಯಲ್ಲಿ ಕಾಂಡದ ಸುತ್ತ ಯಾರೋ ಚಾಕುವಿನಿಂದ ಕೊರೆದಂತೆ ಅಚ್ಚುಕಟ್ಟಾದ ಉಂಗುರವಿದ್ದರೆ, ಅದು ಉದ್ದ ಮೀಸೆಯ ಒಂದು ಜಾತಿ ದುಂಬಿಯ ಕೆಲಸ. ದ್ರಾಕ್ಷಿ, ಹಿಪ್ಪುನೇರಳೆ ಬೆಳೆಗಾರರಿಗೆ ಇದು ಗೊತ್ತು, ಗುಲಾಬಿಯನ್ನೂ ಬಿಡುವುದಿಲ್ಲ. ರಾತ್ರಿ ಬಂದು ತೊಗಟೆ ಸುತ್ತಲೂ ಕಡಿದು, ಮೇಲಿನ ಸಾಯುವ ಭಾಗದಲ್ಲಿ ಮೊಟ್ಟೆ ಇಡುತ್ತದೆ. ಒಣಗಿದ ಕಟ್ಟಿಗೆಯೇ ಅದರ ಮರಿಗೆ ಆಹಾರ. ಹಾಗಾಗಿ ಉಂಗುರದ ಕೆಳಗೆ ಕತ್ತರಿಸಿ ಆ ಕೊಂಬೆಯನ್ನು ಸುಡಬೇಕು. ಗಿಡದ ಬುಡದಲ್ಲೇ ಎಸೆದರೆ ಮರಿಯನ್ನು ಸಾಕಿದಂತೆ. ಉಂಗುರದ ಬದಲು ಸಣ್ಣ ತೂತು, ಕೆಳಗಿನ ಎಲೆಯ ಮೇಲೆ ಗರಗಸದ ಹೊಟ್ಟಿನಂಥ ಪುಡಿ ಕಂಡರೆ ಕಾಂಡ ಕೊರಕ ಒಳಗಿದೆ. ಕೊಂಬೆ ಕತ್ತರಿಸಿ, ಕತ್ತರಿಸಿದ ಮುಖದಲ್ಲಿ ಸುರಂಗ ಮುಗಿದಿದೆಯೇ ಎಂದು ನೋಡಿ. ಮುಗಿದಿಲ್ಲವಾದರೆ ಇನ್ನೂ ಕೆಳಗೆ ಕತ್ತರಿಸಿ.

ದಾಸವಾಳದ ಕುಡಿ ಮುದುಡಿ, ಎಲೆ ಗಂಟುಗಂಟಾಗಿ, ಸಂದಿಯಲ್ಲಿ ಬಿಳಿ ಹಿಟ್ಟು ಕಂಡರೆ ಹಿಟ್ಟು ತಿಗಣೆ. ರಾಮನಗರ, ಕೋಲಾರದ ಕಡೆಯ ರೇಷ್ಮೆ ಬೆಳೆಗಾರರು ಹಿಪ್ಪುನೇರಳೆಯಲ್ಲಿ ಕಂಡು ತುಕ್ರಾ ಎನ್ನುವುದೂ ಇದೇ ಕೀಟದ ಹಾವಳಿಗೆ. ಇರುವೆ ಸಾಲು ಹತ್ತಿ ಇಳಿಯುತ್ತಿದ್ದರೆ ಅನುಮಾನವೇ ಬೇಡ: ತಿಗಣೆ ಸುರಿಸುವ ಸಿಹಿ ರಸಕ್ಕಾಗಿ ಇರುವೆಗಳು ಅದನ್ನು ಕಾಯುತ್ತವೆ. ಕೆಟ್ಟ ಕುಡಿ ಚಿವುಟಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯಿರಿ. ಉಳಿದದ್ದಕ್ಕೆ ರಭಸದ ನೀರು, ಆಮೇಲೆ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸಾಬೂನಿನಂಥದ್ದನ್ನು ಪೊಟ್ಟಣದ ಮೇಲಿನ ಪ್ರಮಾಣದಲ್ಲಿ ಕರಗಿಸಿ ಸಿಂಪಡಿಸಿ. ಸಿಂಪಡಿಸುವ ಮೊದಲು ಒಂದು ನಿಮಿಷ ನಿಂತು ನೋಡಿ. ತಿಗಣೆಗಿಂತ ದೊಡ್ಡದಾದ, ಉದ್ದ ಬಿಳಿ ಮೇಣದ ಎಳೆಗಳಿರುವ, ಚುರುಕಾಗಿ ಓಡಾಡುವ ಹುಳು ಕಂಡರೆ ಅದು ಶತ್ರುವಲ್ಲ, ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳದ ಮರಿ. ಕಾಫಿಯ ಹಸಿರು ಶಲ್ಕ ಕೀಟದ ವಿರುದ್ಧ 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದ ಈ ಹುಳು, ಹಿಟ್ಟು ತಿಗಣೆ ತಿನ್ನುವುದರಲ್ಲಿ ಹೆಸರು ಮಾಡಿತು. ಅದು ಇದ್ದರೆ ಸಿಂಪಡಣೆ ನಿಲ್ಲಿಸಿ.

ಗುಲಾಬಿಯಲ್ಲಿ ಚಾಟನಿ ಮಾಡಿದ ತುದಿಯಿಂದ ಕೊಂಬೆ ಕಪ್ಪಾಗುತ್ತ ಕೆಳಗಿಳಿದರೆ ಅದು ತುದಿ ಒಣಗುವ ರೋಗ. ಕತ್ತರಿಸಿದ ಗಾಯದಿಂದ ಶಿಲೀಂಧ್ರ ಒಳಹೊಕ್ಕಿರುತ್ತದೆ. ಕಪ್ಪು ಮುಗಿದು ಒಳತಿರುಳು ಬೆಳ್ಳಗೆ ಕಾಣುವವರೆಗೆ, ಒಂದೆರಡು ಅಂಗುಲ ಹೆಚ್ಚೇ ಕತ್ತರಿಸಿ, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. ಅಡಿಕೆ ಸೀಮೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ನೂರು ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, ನೂರು ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಕರಗಿಸಿ ಎರಡನ್ನೂ ಕೂಡಿಸಬೇಕು. ಪಾತ್ರೆ ಪ್ಲಾಸ್ಟಿಕ್ ಅಥವಾ ಮಣ್ಣಿನದಿರಲಿ, ಕಬ್ಬಿಣ ಬೇಡ. ಉಜ್ಜಿ ಹೊಳಪಾಗಿಸಿದ ಕಬ್ಬಿಣದ ಬ್ಲೇಡನ್ನು ಅದ್ದಿದಾಗ ಕೆಂಪು ತಾಮ್ರ ಹತ್ತಿದರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಸೇರಿಸಬೇಕು.

ಹೊರಗೆ ಏನೂ ಕಾಣದಿದ್ದಾಗ

ಉಂಗುರವಿಲ್ಲ, ತೂತಿಲ್ಲ, ತಿಗಣೆಯಿಲ್ಲ, ಬೇರೂ ಬೆಳ್ಳಗಿದೆ. ಆದರೂ ಮೊದಲು ಒಂದು ಕೊಂಬೆ, ನಂತರ ಅದೇ ಮಗ್ಗುಲಿನ ಇನ್ನೊಂದು ಬಾಡುತ್ತಿದೆ. ಬಾಡಿದ ಕೊಂಬೆಯನ್ನು ಬುಡದ ಹತ್ತಿರ ಓರೆಯಾಗಿ ಕತ್ತರಿಸಿ ನೋಡಿ. ತೊಗಟೆಯ ಒಳಗಿನ ಕಟ್ಟಿಗೆಯಲ್ಲಿ ಕಂದು ಉಂಗುರವೋ ಗೆರೆಗಳೋ ಇದ್ದರೆ ಅದು ಸೊರಗು ರೋಗ. ಫ್ಯುಸೇರಿಯಂನಂಥ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರಿನ ನಾಳಗಳನ್ನೇ ಕಟ್ಟಿಹಾಕಿದೆ. ಆಸ್ಟರ್, ಸೇವಂತಿಗೆ, ಕಾರ್ನೇಷನ್‌ನಲ್ಲಿ ಇದು ಹೆಚ್ಚು.

ದುಂಡಾಣುವಿನಿಂದಲೂ ಸೊರಗು ರೋಗ ಬರುತ್ತದೆ. ಟೊಮೆಟೊ, ಬದನೆ ಬೆಳೆದವರಿಗೆ ಅದರ ಅನುಭವವಿದೆ. ಅದನ್ನು ಪತ್ತೆ ಹಚ್ಚಲು ಒಂದು ಗಾಜಿನ ಲೋಟ ಸಾಕು. ಬುಡದ ಕಡೆಯ ಮೂರಂಗುಲದ ಕಾಂಡವನ್ನು ಕತ್ತರಿಸಿ, ಕತ್ತರಿಸಿದ ತುದಿ ನೀರಿಗೆ ತಾಗುವಂತೆ ಅಲುಗಾಡಿಸದೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಹಾಲಿನಂಥ ಬಿಳಿ ಎಳೆ ನೀರಿನಲ್ಲಿ ಇಳಿಯತೊಡಗಿದರೆ, ಅದು ಕೋಟಿಗಟ್ಟಲೆ ದುಂಡಾಣುಗಳ ಮೆರವಣಿಗೆ.

ಈ ಎರಡಕ್ಕೂ ಮನೆಯಲ್ಲಿ ಮಾಡಬಹುದಾದ ಚಿಕಿತ್ಸೆಯಿಲ್ಲ. ಗಿಡ, ಮಣ್ಣು ಎರಡನ್ನೂ ತೆಗೆದು ಹಾಕಿ, ಕುಂಡ ಉಜ್ಜಿ ತೊಳೆದು, ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸುವುದೊಂದೇ ದಾರಿ. ಆ ಮಣ್ಣನ್ನು ಬೇರೆ ಕುಂಡಕ್ಕೆ ಹಂಚಿದರೆ ರೋಗವನ್ನೇ ಹಂಚಿದಂತೆ.

ಕಾರಣ ಸಿಕ್ಕ ಮೇಲೆ

ಬೇರು ಕೊಳೆತಿದ್ದರೆ ಕೆಟ್ಟದ್ದನ್ನು ಕತ್ತರಿಸಿ, ಹೊಸ ಸಡಿಲ ಮಣ್ಣಿಗೆ ಬೇವಿನ ಹಿಂಡಿ, ಟ್ರೈಕೋಡರ್ಮ ಎಂಬ ಉಪಕಾರಿ ಶಿಲೀಂಧ್ರ ಬೆರೆಸಿ ನೆಡಿ. ಬೇರು ಎಷ್ಟು ಹೋಗಿದೆಯೋ ಅಷ್ಟೇ ಪಾಲು ಎಲೆಯನ್ನೂ ಕಡಿಮೆ ಮಾಡಿ. ಮೊಗ್ಗನ್ನು ಕೀಳಲು ಮನಸ್ಸು ಬಾರದಿದ್ದರೂ ಕೀಳಲೇಬೇಕು: ಅರ್ಧ ಬೇರಿನ ಗಿಡಕ್ಕೆ ಹೂವಿನ ಖರ್ಚು ತೂಗಿಸಲಾಗದು. ಹೊಸ ಚಿಗುರು ಬರುವವರೆಗೆ ನೆರಳು, ಮಿತ ನೀರು. ಗೊಬ್ಬರ ಸುತರಾಂ ಬೇಡ. ಹೀರಲು ಬೇರಿಲ್ಲದಾಗ ಹಾಕಿದ ಗೊಬ್ಬರ ಉಪ್ಪಾಗಿ ಮಣ್ಣಿನಲ್ಲೇ ಕೂರುತ್ತದೆ.

ಮತ್ತೊಂದು ಶಿಸ್ತು: ಒಂದು ಸಲಕ್ಕೆ ಒಂದೇ ಬದಲಾವಣೆ. ಜಾಗ ಬದಲಿಸಿ, ಮಣ್ಣು ಬದಲಿಸಿ, ಎರಡು ಬಗೆಯ ಔಷಧ ಹೊಡೆದು, ಟಾನಿಕ್ಕನ್ನೂ ಸುರಿದರೆ ಗಿಡ ಬದುಕಿದರೂ ಯಾವುದರಿಂದ ಬದುಕಿತು ಎಂದು ತಿಳಿಯದು. ಮುಂದಿನ ಬಾರಿ ಮತ್ತೆ ಮೊದಲಿನಿಂದ ಹುಡುಕಾಟ.

ಕೈಮೀರಿತು ಅನಿಸಿದರೆ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವೋ ತೋಟಗಾರಿಕೆ ಇಲಾಖೆಯೋ ಇದೆ. ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಶುಲ್ಕವಿಲ್ಲದೆ ಕನ್ನಡದಲ್ಲೇ ಕೇಳಬಹುದು. ಮಾದರಿ ಒಯ್ಯುವವರು ಪೂರ್ತಿ ಒಣಗಿದ ಕಡ್ಡಿ ಒಯ್ದರೆ ಪ್ರಯೋಜನವಿಲ್ಲ, ಅದರಲ್ಲಿ ರೋಗಾಣುವೂ ಸತ್ತಿರಬಹುದು ಅಥವಾ ಆಮೇಲೆ ಬಂದ ಬೂಷ್ಟು ಹಬ್ಬಿರುತ್ತದೆ. ಅರ್ಧ ಹಸಿರು, ಅರ್ಧ ಒಣಗಿದ ತುಂಡು ಬೇಕು. ಜೊತೆಗೆ ಒಂದಿಷ್ಟು ಬೇರು, ಹಿಡಿ ಮಣ್ಣು. ಕಾಗದದಲ್ಲಿ ಸುತ್ತಿ, ಒದ್ದೆ ಮಾಡದೆ ಒಯ್ಯಿರಿ. ನೀರು ಯಾವಾಗ ಹಾಕಿದ್ದು, ಗೊಬ್ಬರ ಯಾವುದು, ಮೊದಲು ಬಾಡಿದ್ದು ಯಾವ ಕೊಂಬೆ, ಎಂದಿನಿಂದ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಲ್ಲಿ ಕೇಳುವುದೂ ಅದನ್ನೇ. ಎಷ್ಟೋ ಸಲ ಚೀಟಿ ಬರೆಯುವಾಗಲೇ ಉತ್ತರ ಹೊಳೆದು, ಬಸ್ಸಿನ ಖರ್ಚು ಉಳಿಯುತ್ತದೆ.